ನಾಲ್ಕು ರುಚಿಗಳ ಹದ: ಥಾಯ್ ಜನರ ಅಡುಗೆ

ನಡುಮಧ್ಯಾಹ್ನದ ಹೊತ್ತಿನಲ್ಲಿ ಇಬ್ಬರು ಪರಿಚಿತರು ಬೀದಿಯಲ್ಲಿ ಎದುರಾದರೆ ನಮ್ಮಲ್ಲಿ ಮೊದಲು ಹೊರಡುವ ಮಾತು “ಊಟವಾಯಿತೆ?” ಎಂಬುದು. ಥಾಯ್‌ಲೆಂಡಿನಲ್ಲಿಯೂ ಹಾಗೆಯೇ. “ಕಿನ್ ಖಾವ್ ರೂ ಯಾಂಗ್?” ಎಂದು ಅಲ್ಲಿನ ಸ್ನೇಹಿತರು ಕೇಳುತ್ತಾರೆ. ಅನ್ನ ಉಂಡಿರೋ, ಇನ್ನೂ ಇಲ್ಲವೋ ಎಂದು ಅದರ ಅರ್ಥ. ‘ಕಿನ್’ ಎಂದರೆ ತಿನ್ನು. ‘ಖಾವ್’ ಎಂದರೆ ಅನ್ನ. ಊಟದಲ್ಲಿ ಏನೇ ಇರಲಿ, ಅವರ ಆಡುಮಾತಿನಲ್ಲಿ ಊಟವೆಂದರೆ ಅನ್ನ ತಿನ್ನುವುದೇ. ಅನ್ನವನ್ನು ಇಷ್ಟು ದೊಡ್ಡದಾಗಿ ಕಂಡ ಜನರ ಅಡುಗೆಮನೆ ಹೇಗಿದ್ದೀತು ಎಂದು ತಿಳಿಯುವ ಕುತೂಹಲ ಅನ್ನವನ್ನೇ ನಂಬಿದ ನಮಗೆ ಸಹಜವಾದದ್ದು.

ಅವರ ಊಟದಲ್ಲಿ ಮೊದಲು ಇದು, ಆಮೇಲೆ ಅದು ಎಂಬ ಸರದಿ ಇಲ್ಲ. ಅನ್ನ ಪ್ರತಿಯೊಬ್ಬರ ತಟ್ಟೆಯಲ್ಲಿ. ಉಳಿದ ನಾಲ್ಕೈದು ಪದಾರ್ಥಗಳು ನಡುವೆ, ಎಲ್ಲರಿಗೂ ಸೇರಿದಂತೆ. ಒಂದು ಸಾರು, ಒಂದು ಕಾಯಿಹಾಲಿನ ಮೇಲೋಗರ, ಒಂದು ಹುರಿದದ್ದು, ಹುಳಿಖಾರ ಹಾಕಿ ಕಲಸಿದ್ದೊಂದು, ನಂಜಿಕೊಳ್ಳಲು ಹಸಿ ತರಕಾರಿ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಮುಳ್ಳುಚಮಚ. ಮುಳ್ಳುಚಮಚವಿರುವುದು ಅನ್ನವನ್ನು ಚಮಚಕ್ಕೆ ತಳ್ಳುವುದಕ್ಕೆ ಮಾತ್ರ. ಚೀನೀಯರ ಕಡ್ಡಿಗಳನ್ನು ಅವರು ಶಾವಿಗೆ ತಿನ್ನುವಾಗಷ್ಟೇ ಹಿಡಿಯುತ್ತಾರೆ. ಉತ್ತರದಲ್ಲಿಯೂ ಈಶಾನ್ಯದಲ್ಲಿಯೂ ಅಂಟಕ್ಕಿಯನ್ನು ಬಿದಿರ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸಿ, ಬೆರಳಿನಲ್ಲಿ ಸಣ್ಣ ಉಂಡೆ ಕಟ್ಟಿ, ಪದಾರ್ಥದಲ್ಲಿ ಅದ್ದಿ ತಿನ್ನುವುದು ವಾಡಿಕೆ. ರಾಗಿಮುದ್ದೆಯ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಡುಗೆಯ ಜೀವ ನಾಲ್ಕು ರುಚಿಗಳಲ್ಲಿದೆ: ಹುಳಿ, ಉಪ್ಪು, ಸಿಹಿ, ಖಾರ. ಹುಳಿಗೆ ನಿಂಬೆ ಮತ್ತು ಹುಣಿಸೆ, ಸಿಹಿಗೆ ತಾಳೆಬೆಲ್ಲ, ಖಾರಕ್ಕೆ ಮೆಣಸಿನಕಾಯಿ. ಉಪ್ಪಿಗೆ ಮಾತ್ರ ಅವರ ದಾರಿ ಬೇರೆ. ಸಣ್ಣ ಕಡಲಮೀನನ್ನು ಉಪ್ಪಿನೊಡನೆ ತಿಂಗಳುಗಟ್ಟಲೆ ಕಳಿಸಿ ಬಸಿದ ‘ನಾಮ್ ಪ್ಲಾ’ ಎಂಬ ರಸ, ಸೀಗಡಿಯನ್ನು ಅರೆದು ಹುದುಗಿಸಿದ ‘ಕಪಿ’ ಎಂಬ ಹಿಟ್ಟು, ಇವೆರಡರಿಂದ ಅವರ ಉಪ್ಪು ಬರುತ್ತದೆ. ಆದುದರಿಂದ ನಿಮ್ಮಲ್ಲಿ ಶಾಕಾಹಾರಿಗಳಾದವರು ಒಂದು ಮಾತು ನೆನಪಿಡಬೇಕು. ಬರಿಯ ಸೊಪ್ಪು ತರಕಾರಿಯಂತೆ ಕಾಣುವ ಥಾಯ್ ಪದಾರ್ಥದಲ್ಲಿಯೂ ಮೀನಿನ ರಸ ಸೇರಿರುವುದುಂಟು. ಆ ದೇಶದಲ್ಲಿ ‘ಕಿನ್ ಜೇ’ ಎಂದು ಹೇಳಿದರೆ ನಿಮ್ಮ ಇಂಗಿತ ತಿಳಿಯುತ್ತದೆ. ಚೀನೀ ಮೂಲದ ಈ ವ್ರತದಡುಗೆಯಲ್ಲಿ ಮೀನು ಮಾಂಸವಿರಲಿ, ಈರುಳ್ಳಿ ಬೆಳ್ಳುಳ್ಳಿಗಳಿಗೂ ಪ್ರವೇಶವಿಲ್ಲ.

ನಾಲ್ಕು ರುಚಿಗಳು ಒಟ್ಟಿಗಿರುವುದು ಹೊಸ ಸಂಗತಿಯಲ್ಲ. ನಮ್ಮ ಗೊಜ್ಜಿನಲ್ಲಿಯೂ ಇವೆಯಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ನಮ್ಮ ಗೊಜ್ಜು ಕುದಿದು ಕುದಿದು ನಾಲ್ಕೂ ಒಂದಾಗಿಬಿಡುತ್ತದೆ. ಥಾಯ್ ಅಡುಗೆಯಲ್ಲಿ ನಿಂಬೆಯ ರಸವನ್ನು ಸಾಮಾನ್ಯವಾಗಿ ಕಡೆಯಲ್ಲಿ, ಪಾತ್ರೆ ಇಳಿಸುವ ಹೊತ್ತಿಗೆ ಹಿಂಡುತ್ತಾರೆ. ಒಂದು ತುತ್ತಿನಲ್ಲಿ ಹುಳಿ ಮೊದಲು ಮುಟ್ಟುತ್ತದೆ, ಉಪ್ಪು ಅದನ್ನು ಹಿಡಿಯುತ್ತದೆ, ಸಿಹಿ ಸಂತೈಸುತ್ತದೆ, ಖಾರ ಹಿಂದಿನಿಂದ ಬಂದು ಎಲ್ಲವನ್ನೂ ಎಬ್ಬಿಸುತ್ತದೆ. ಪ್ರತಿಯೊಂದೂ ಬೇರೆಯಾಗಿ ಕೇಳಿಸಬೇಕು, ಯಾವುದೂ ಮೇಲುಗೈಯಾಗಬಾರದು.

‘ತೋಮ್ ಯಾಮ್’ ಎಂಬ ಸಾರನ್ನೇ ನೋಡಿ. ‘ತೋಮ್’ ಎಂದರೆ ಕುದಿಸುವುದು, ‘ಯಾಮ್’ ಎಂದರೆ ಹುಳಿಖಾರವಾಗಿ ಕಲಸುವುದು. ಸೀಗಡಿ ಹಾಕಿದರೆ ಅದು ‘ತೋಮ್ ಯಾಮ್ ಕುಂಗ್’. ಅದರ ಪರಿಮಳ ಮೂರು ವಸ್ತುಗಳದು: ನಾವು ಮಜ್ಜಿಗೆ ಹುಲ್ಲು ಎನ್ನುವ ನಿಂಬೆವಾಸನೆಯ ಹುಲ್ಲಿನ ದಂಟು, ಶುಂಠಿಯ ಜಾತಿಗೆ ಸೇರಿದ ದುಂಪರಾಸ್ಮೆಯ ಗಡ್ಡೆ, ಒರಟು ಸಿಪ್ಪೆಯ ಒಂದು ಬಗೆಯ ನಿಂಬೆಯ ಎಲೆ. ಇವು ಸಾರಿನಲ್ಲಿ ತೇಲುತ್ತಿದ್ದರೂ ತಿನ್ನುವುದಕ್ಕಲ್ಲ. ನಾವು ಕರಿಬೇವನ್ನು ಬದಿಗಿಡುವಂತೆ ಅವರೂ ಬದಿಗಿಡುತ್ತಾರೆ.

ನಮ್ಮವರನ್ನು ಬೆರಗುಗೊಳಿಸುವ ಪದಾರ್ಥ ‘ಫಾತ್ ಕಫ್ರಾವ್’. ಬೆಳ್ಳುಳ್ಳಿ, ಮೆಣಸಿನಕಾಯಿಗಳೊಡನೆ ಮಾಂಸವನ್ನು ದೊಡ್ಡ ಉರಿಯಲ್ಲಿ ಹುರಿದು, ಕೊನೆಗೆ ಒಂದು ಹಿಡಿ ‘ಕಫ್ರಾವ್’ ಎಲೆ ಹಾಕುತ್ತಾರೆ. ಆ ಎಲೆ ಬೇರಾವುದೂ ಅಲ್ಲ, ನಮ್ಮ ತುಳಸಿಯ ಜಾತಿಯದೇ. ನಮ್ಮ ಅಂಗಳದಲ್ಲಿ ಪೂಜೆಗೊಳ್ಳುವ ಗಿಡ ಅವರ ಬಾಣಲೆಯಲ್ಲಿ ಖಾರಕ್ಕೆ ಜೊತೆಗಾರ. ಎರಡು ನಾಡುಗಳು, ಒಂದೇ ಗಿಡ, ಎರಡು ಬಗೆಯ ಗೌರವ!

ಇನ್ನು ಕಾಯಿಹಾಲಿನ ಮೇಲೋಗರಗಳು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಮಜ್ಜಿಗೆ ಹುಲ್ಲು, ನಾವು ಕಿತ್ತೆಸೆಯುವ ಕೊತ್ತಂಬರಿಯ ಬೇರು, ಇವನ್ನೆಲ್ಲ ಕಲ್ಲಿನ ಕುಟ್ಟಾಣಿಯಲ್ಲಿ ಜಜ್ಜಿ ನುಣ್ಣಗೆ ಮಾಡುತ್ತಾರೆ. ತೆಂಗಿನ ಗಟ್ಟಿಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿ, ಆ ಎಣ್ಣೆಯಲ್ಲಿಯೇ ಮಸಾಲೆಯನ್ನು ಹುರಿದು, ಆಮೇಲೆ ತೆಳುಹಾಲು ಸೇರಿಸುತ್ತಾರೆ. ಹೀಗಾದದ್ದು ‘ಕೇಂಗ್ ಖಿಯಾವ್ ವಾನ್’. ಮಾತಿಗೆ ಮಾತು ಅರ್ಥ ಹೇಳಿದರೆ ‘ಸಿಹಿಹಸಿರು ಮೇಲೋಗರ’. ಸಿಹಿ ಎಂಬುದು ಕಣ್ಣಿಗೆ ಹಿತವಾದ ಅದರ ತಿಳಿಬಣ್ಣಕ್ಕೆ ಸಂದ ಮಾತು; ನಾಲಗೆಗೆಂದು ತಿಳಿದು ದೊಡ್ಡ ತುತ್ತು ಇಟ್ಟವರು ನೀರಿನ ಲೋಟ ಹುಡುಕಬೇಕಾದೀತು. ಇದರ ನೆಂಟನಾದ ‘ಮಸ್ಸಮನ್’ ಬೇರೆ ಸ್ವಭಾವದ್ದು. ಏಲಕ್ಕಿ, ಲವಂಗ, ಚಕ್ಕೆ, ಜೀರಿಗೆಗಳ ಈ ಮೇಲೋಗರ ಮುಸಲ್ಮಾನ ವರ್ತಕರ ನಂಟಿನಿಂದ ಬಂದದ್ದು. 1809ರಿಂದ 1824ರವರೆಗೆ ಆಳಿದ ಎರಡನೆಯ ರಾಮ ದೊರೆ ತನ್ನದೊಂದು ಕವಿತೆಯಲ್ಲಿ ಇದನ್ನು ಹೊಗಳಿದ್ದಾನೆ.

ಇಲ್ಲಿಗೆ ಒಂದು ಪ್ರಶ್ನೆ ಏಳುತ್ತದೆ. ಹೊರಗಿನಿಂದ ಬಂದ ಮಸ್ಸಮನ್ ಥಾಯ್ ಅಡುಗೆ ಹೇಗಾದೀತು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಆ ಅಡುಗೆಮನೆಯಲ್ಲಿ ಉಳಿಯುವುದು ಬಹಳ ಕಡಮೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಮರುವರ್ಷವೇ ಅವರ ದೂತರು ಅಂದಿನ ರಾಜಧಾನಿ ಅಯುತ್ಥಯಕ್ಕೆ ಹೋದರು. ಅಮೆರಿಕದಲ್ಲಿ ಹುಟ್ಟಿದ ಮೆಣಸಿನಕಾಯಿ ಆ ನಾವಿಕರ ಕಾಲದಲ್ಲಿಯೇ ಪೂರ್ವದೇಶಗಳಿಗೆ ಬಂತು. ಅದಕ್ಕೂ ಮೊದಲು ಥಾಯ್ ಜನರ ಖಾರ, ನಮ್ಮ ಖಾರದಂತೆಯೇ, ಕರಿಮೆಣಸು ಹಿಪ್ಪಲಿಗಳದು. ಈ ಇತಿಹಾಸವನ್ನು ಎರಡು ಭಾಷೆಗಳೂ ಬಚ್ಚಿಟ್ಟುಕೊಂಡಿವೆ. ನಾವು ಮೆಣಸಿನ ಹೆಸರನ್ನೇ ಹೊಸ ಕಾಯಿಗೂ ಕೊಟ್ಟು ‘ಮೆಣಸಿನಕಾಯಿ’ ಎಂದೆವು. ಅವರು ‘ಫ್ರಿಕ್’ ಎಂಬ ಹೆಸರನ್ನು ಹೊಸದಕ್ಕೆ ಬಿಟ್ಟುಕೊಟ್ಟು, ಹಳೆಯ ಕರಿಮೆಣಸನ್ನು ‘ಫ್ರಿಕ್ ಥಾಯ್’ ಎಂದು ಕರೆದರು. ಮದುವೆಯ ಮಂಗಳಕಾರ್ಯಗಳಲ್ಲಿ ಬಡಿಸುವ ‘ಫೋಯ್ ತೋಂಗ್’, ಅಂದರೆ ಚಿನ್ನದ ಎಳೆ, ಮೊಟ್ಟೆಯ ಹಳದಿಯಿಂದಾದ ಸಿಹಿ. ಅದರ ಮೂಲವೂ ಪೋರ್ಚುಗಲ್. ಹದಿನೇಳನೆಯ ಶತಮಾನದಲ್ಲಿ ನರಾಯ್ ದೊರೆಯ ಆಳ್ವಿಕೆಯಲ್ಲಿ ಅಯುತ್ಥಯದಲ್ಲಿದ್ದ ಮರಿಯಾ ಗ್ಯೂಮಾರ್ ಎಂಬಾಕೆ ಅದನ್ನು ರೂಢಿಗೆ ತಂದಳೆಂದು ಆ ಜನ ನೆನೆಯುತ್ತಾರೆ.

ಲೋಕವೆಲ್ಲ ಬಲ್ಲ ‘ಫಾತ್ ಥಾಯ್’ ಇನ್ನೂ ಎಳೆಯದು. ದೇಶಕ್ಕೆ 1939ರಲ್ಲಿ ಸಯಾಂ ಎಂಬ ಹೆಸರು ಹೋಗಿ ಥಾಯ್‌ಲೆಂಡ್ ಎಂಬ ಹೆಸರು ಬಂತು. ಆಗ ಪ್ರಧಾನಮಂತ್ರಿಯಾಗಿದ್ದ ಪಿಬೂನ್ ಸೊಂಗ್‌ಖ್ರಾಂ ಜನರ ಉಡುಪು, ನಡೆನುಡಿಗಳಿಗೆಲ್ಲ ಸರ್ಕಾರಿ ಕಟ್ಟಳೆ ಮಾಡಿದವನು. ಅಗ್ಗದಲ್ಲಿ ಪುಷ್ಟಿಯ ಆಹಾರವೂ ಜನರಿಗೆ ಬೀದಿಬದಿಯ ಕಸಬೂ ಆಗಲೆಂದು ಶಾವಿಗೆಯ ತಿಂಡಿಗೆ ಅವನ ಸರ್ಕಾರ ಪ್ರೋತ್ಸಾಹ ಕೊಟ್ಟಿತು. ಅಕ್ಕಿಯ ಚಪ್ಪಟೆ ಶಾವಿಗೆಯೂ ಅದನ್ನು ಬಾಣಲೆಯಲ್ಲಿ ಹುರಿಯುವ ಕ್ರಮವೂ ಚೀನೀಯರವು. ಆದರೆ ಅದಕ್ಕೆ ಹುಣಿಸೆರಸ, ತಾಳೆಬೆಲ್ಲ, ನಾಮ್ ಪ್ಲಾ ಸೇರಿ, ಮೊಟ್ಟೆ, ಮೊಳಕೆಕಾಳು, ಕಡಲೆಕಾಯಿ ಪುಡಿ ಬಿದ್ದು, ಬದಿಯಲ್ಲಿ ಒಂದು ನಿಂಬೆಹೋಳು ಕುಳಿತಾಗ ನಾಲ್ಕು ರುಚಿಗಳೂ ಬಂದು ಸೇರಿದವು. ಹೆಸರು ಸರ್ಕಾರದ ಹುರುಪಿನಿಂದ ಹರಡಿರಬಹುದು. ಥಾಯ್ ಆದದ್ದು ಹದದಿಂದ.

ಸರ್ಕಾರದ ಹಂಗಿಲ್ಲದೆ, ಬಡವರ ಬೆನ್ನೇರಿ ರಾಜಧಾನಿಗೆ ಬಂದ ಪದಾರ್ಥವೂ ಒಂದುಂಟು. ಅದು ‘ಸೋಮ್ ತಾಮ್’. ‘ಸೋಮ್’ ಎಂದರೆ ಹುಳಿ, ‘ತಾಮ್’ ಎಂದರೆ ಕುಟ್ಟುವುದು. ಹಸಿ ಪರಂಗಿಕಾಯಿಯನ್ನು ಎಳೆಎಳೆಯಾಗಿ ಹೆಚ್ಚಿ, ಮಣ್ಣಿನ ಒರಳಿನಲ್ಲಿ ಮರದ ಕುಟ್ಟುಗೋಲಿನಿಂದ ಬೆಳ್ಳುಳ್ಳಿ, ಮೆಣಸಿನಕಾಯಿ, ಅಲಸಂದೆಕಾಯಿ, ಟೊಮೆಟೊಗಳೊಡನೆ ಮೆಲ್ಲಗೆ ಜಜ್ಜುತ್ತಾರೆ. ನಮ್ಮ ಮಾತಿನಲ್ಲಿ ಪರಂಗಿ ಎಂಬ ಹೆಸರೇ ಅದು ವಿದೇಶದ ಹಣ್ಣೆಂದು ಸಾರುತ್ತದಲ್ಲವೆ? ಇದು ಈಶಾನ್ಯದ ಒಣನಾಡಾದ ಈಸಾನಿನ ಊಟ. ಅಲ್ಲಿಯವರು ಇದಕ್ಕೆ ‘ಪ್ಲಾ ರಾ’ ಎಂಬ ಕಳಿಸಿದ ಮೀನನ್ನು ಹಾಕುತ್ತಾರೆ. ಕೂಲಿಗಾಗಿ ಬ್ಯಾಂಕಾಕಿಗೆ ಬಂದ ಈಸಾನಿನ ಗಂಡಸರು ಹೆಂಗಸರು ಒರಳನ್ನೂ ತಂದರು. ಪಟ್ಟಣದ ನಾಗರಿಕರು ಆ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡರು. ಆ ವಾಸನೆಯ ಜೊತೆಗೆ ಆ ಜನರನ್ನೂ ಕೀಳಾಗಿ ಕಂಡರು. ಮುಂದೆ ಆದದ್ದೇನು? ಮೀನನ್ನು ಬಿಟ್ಟು, ಒಣಸೀಗಡಿ, ಕಡಲೆಕಾಯಿ, ತಾಳೆಬೆಲ್ಲ ಹೆಚ್ಚಿಸಿದ ‘ಸೋಮ್ ತಾಮ್ ಥಾಯ್’ ಮೇಜಿಗೆ ಬಂತು. ಈಗ ಪ್ಲಾ ರಾ ಹಾಕಿದ್ದನ್ನೇ ಕೇಳಿ ತಿನ್ನುವ ಪಟ್ಟಣಿಗರಿಗೂ ಕೊರತೆಯಿಲ್ಲ. ಮೂಗು ಮುಚ್ಚಿಕೊಂಡವರ ಮಕ್ಕಳು ತಟ್ಟೆ ಚಾಚಿದ್ದಾರೆ. ದೇಶದ ಅಡುಗೆ ಎಂಬ ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಬೇಕು ಎಂಬುದು ಬರಿಯ ನಾಲಗೆಯ ವಿಚಾರವಲ್ಲವೆಂದು ಇದರಿಂದ ತಿಳಿಯುತ್ತದೆ.

2002ರಿಂದ ಥಾಯ್ ಸರ್ಕಾರ ಹೊರದೇಶಗಳಲ್ಲಿ ತನ್ನ ಅಡುಗೆಯ ಹೋಟೆಲುಗಳು ಹೆಚ್ಚಲೆಂದು ಯೋಜನೆ ಹಾಕಿಕೊಂಡಿತು. ಪರದೇಶಗಳಲ್ಲಿ ರುಚಿ ಕೆಡುತ್ತಿದೆ ಎಂಬ ಕೊರಗಿನಿಂದ, 2014ರಲ್ಲಿ ಸರ್ಕಾರದ ಬೆಂಬಲದಿಂದ ರುಚಿ ಅಳೆಯುವ ಯಂತ್ರವೊಂದೂ ಬಂತು. ಪದಾರ್ಥ ಅಚ್ಚ ಥಾಯ್ ಹೌದೋ ಅಲ್ಲವೋ ಎಂದು ಅದು ಅಂಕ ಕೊಡಬೇಕಾಗಿತ್ತು. 2024ರಲ್ಲಿ ಯುನೆಸ್ಕೋ ಸಂಸ್ಥೆ ತೋಮ್ ಯಾಮ್ ಕುಂಗನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ಸಲ್ಲಲಿ, ಸಂತೋಷ. ಆದರೆ ಯಂತ್ರದ ವಿಷಯ ಬೇರೆ. ಬ್ಯಾಂಕಾಕಿನ ಯಾವುದಾದರೂ ಶಾವಿಗೆ ಅಂಗಡಿಗೆ ಹೋಗಿ ಕುಳಿತರೆ ನಿಮ್ಮ ಮುಂದೆ ನಾಲ್ಕು ಭರಣಿಗಳಿರುತ್ತವೆ: ಸಕ್ಕರೆ, ಮೆಣಸಿನಪುಡಿ, ಮೆಣಸಿನಕಾಯಿ ನೆನೆಸಿದ ನಾಮ್ ಪ್ಲಾ, ಮೆಣಸಿನಕಾಯಿ ಹಾಕಿದ ವಿನಿಗರ್. ಅಡುಗೆಯವನು ಮಾಡಿದ್ದು ಮುಕ್ಕಾಲು. ಉಳಿದ ಕಾಲುಭಾಗ ಉಣ್ಣುವವನ ಕೈಯದು. ಸೋಮ್ ತಾಮ್ ಕುಟ್ಟುವಾಕೆ ಮೆಣಸಿನಕಾಯಿ ಎಷ್ಟು ಹಾಕಲಿ ಎಂದು ಗಿರಾಕಿಯನ್ನೇ ಕೇಳುತ್ತಾಳೆ. ಇಂಥ ಅಡುಗೆಗೆ ಅಂಕ ಕೊಡಬಲ್ಲದ್ದು ಯಾವ ಯಂತ್ರ?

ಮಾವಿನ ಕಾಲದಲ್ಲಿ ನೀವು ಮನೆಯಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು. ಅಂಟಕ್ಕಿಯನ್ನು ರಾತ್ರಿಯೆಲ್ಲ ನೆನೆಸಿ ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಸಕ್ಕರೆ ಕರಗಿಸಿದ ಕಾಯಿಹಾಲು ಬೆರಸಿ, ಮುಚ್ಚಿಡಿ. ಮಾಗಿದ ಮಾವಿನ ಹೋಳಿನೊಡನೆ ಬಡಿಸುವಾಗ ಮೇಲೆ ಗಟ್ಟಿಹಾಲು ಸುರಿಯಿರಿ. ಆ ಹಾಲಿಗೆ ಒಂದು ಚಿಟಿಕೆ ಉಪ್ಪು ಹಾಕಲು ಮರೆಯಬೇಡಿ. ‘ಖಾವ್ ನಿಯಾವ್ ಮಾಮುವಾಂಗ್’ ಎಂಬ ಈ ಸಿಹಿಯಲ್ಲಿ ಮೀನಿಲ್ಲ, ಮೊಟ್ಟೆಯಿಲ್ಲ; ಯಾವ ಮನೆಯಲ್ಲಿಯೂ ಆಗುವಂಥದು. ಉಪ್ಪು ಎಷ್ಟು ಎಂದು ಮಾತ್ರ ಕೇಳಬೇಡಿ. ಅಲ್ಲಿನ ಅಡುಗೆಯವರು ರುಚಿ ನೋಡಿ ಹಾಕುತ್ತಾರೆ. ನೀವೂ ರುಚಿ ನೋಡಿಯೇ ಹಾಕಿ.