ಅಪ್ಪಣೆಗೆ ಹಾಡದ ನಾಲಿಗೆ

(ಹೊನ್ನಾವರದ ಸಭೆಯಲ್ಲಿ ಆಡಿದ ಭಾಷಣ)



ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ರಾತ್ರಿಯಿಡೀ ಆಟ ನೋಡಿ ಬೆಳೆದ ನಮಗೆ ಭಾಗವತರ ಕಂಠದ ಬೆಲೆ ಗೊತ್ತು. ಇಂದು ಅಂಥದೊಂದು ಕಂಠದ ಕಥೆ ಹೇಳುತ್ತೇವೆ.

ತ.ರಾ.ಸು. ಅವರು 1952ರಲ್ಲಿ ‘ಹಂಸಗೀತೆ’ ಎಂಬ ಐತಿಹಾಸಿಕ ಕಾದಂಬರಿ ಬರೆದರು. ಟಿಪ್ಪು ಸುಲ್ತಾನನ ಮುಂದೆ ಹಾಡಬೇಕೆಂಬ ಅಪ್ಪಣೆ ಬಂದಾಗ ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡ ಕಥೆಯದು. ಅದರಿಂದ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಚಿತ್ರವೂ, 1975ರಲ್ಲಿ ಜಿ. ವಿ. ಅಯ್ಯರರ ಕನ್ನಡ ‘ಹಂಸಗೀತೆ’ಯೂ ಬಂದವು. ಕನ್ನಡ ಚಿತ್ರದ ಗಾಯಕ ನಮ್ಮ ಶಿರಾಲಿ ಕಡೆಯ ಅನಂತ್ ನಾಗ್.

ಇದು ಹಿಂದೂ ಮುಸಲ್ಮಾನರ ಜಗಳವೆಂದು ಯಾರಾದರೂ ಕಿವಿಯೂದಿದರೆ ‘ಬಸಂತ್ ಬಹಾರ್’ದ ಹಾಡುಗಳನ್ನು ಕೇಳಿರಿ. ಭಜನೆ ಹಾಡಿದವರು ಮಹಮ್ಮದ್ ರಫಿ. ಹಾಡು ಬರೆದ ಶೈಲೇಂದ್ರರು ಮುಂಬಯಿಯ ಮಾಟುಂಗಾ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರು. ಹಸರತ್ ಜೈಪುರಿ ಬಸ್ ಕಂಡಕ್ಟರರಾಗಿದ್ದವರು. ಗದಗಿನ ಭೀಮಸೇನ ಜೋಶಿಯವರು ಮನ್ನಾ ಡೇಯವರೊಡನೆ ಹಾಡಿ, ಸ್ಪರ್ಧೆಯಲ್ಲಿ ಸೋಲುವ ಗಾಯಕನಿಗೆ ದನಿ ಕೊಟ್ಟರು. ಇಲ್ಲಿ ಯಾವ ಜಾತಿ? ಯಾವ ಮತ?

ಜಗಳವಿದ್ದದ್ದು ಸಿಂಹಾಸನಕ್ಕೂ ಕಂಠಕ್ಕೂ. ಸಿಂಹಾಸನ ಹೋಯಿತು, ಅಪ್ಪಣೆ ಹೋಗಲಿಲ್ಲ. ಚುನಾವಣೆ ಬಂದರೆ ಗಿರಣಿಯ ಧಣಿ ತನ್ನವನಿಗೆ ಜಯಕಾರ ಹಾಕು ಎನ್ನುತ್ತಾನೆ. ಹಾಕದವನಿಗೆ ನಾಳೆ ಪಾಳಿಯಿಲ್ಲ. ಸಣ್ಣ ಅಂಗಡಿಯವನಿಗೆ ಸಾಲ ಕೊಟ್ಟ ಸಾಹುಕಾರನೂ ಅದನ್ನೇ ಹೇಳುತ್ತಾನೆ.

ವೆಂಕಟಸುಬ್ಬಯ್ಯ ಒಬ್ಬಂಟಿ. ‘ಒಲ್ಲೆ’ ಎನ್ನಲು ಆತನಿಗೆ ನಾಲಿಗೆ ಕತ್ತರಿಸಿಕೊಳ್ಳುವುದೊಂದೇ ದಾರಿಯಿತ್ತು. ನಮಗೆ ಸಂಘವಿದೆ. ನಾಲಿಗೆ ಉಳಿಸಿಕೊಂಡೇ, ಎಲ್ಲರೂ ಕೂಡಿ, ‘ಒಲ್ಲೆವು’ ಎನ್ನೋಣ.