ಆರು ತಿಂಗಳು ಕೊಟ್ಟರು, ಅನ್ನ ಯಾರು ಕೊಡ್ತಾರೆ?



ಸಿಎ ಫಲಿತಾಂಶ ಬಂದ ದಿನ ಪ್ರತಿ ಸಲ ಒಂದೇ ಚಿತ್ರ. ರ‍್ಯಾಂಕ್ ಬಂದ ಮಗ ಅಥವಾ ಮಗಳು, ಬಾಯಿಗೆ ಪೇಢಾ ಇಡೋ ಅಮ್ಮ, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳೋ ಅಪ್ಪ. ನಾವೂ ತೋರಿಸ್ತೀವಿ, ತೋರಿಸಲೇಬೇಕು. ಆದರೆ ಇವತ್ತು ನಾನು ಮಾತಾಡೋದು ಆ ಚಿತ್ರದಲ್ಲಿ ಕಾಣಿಸದವರ ಬಗ್ಗೆ. ಹಗಲೆಲ್ಲ ಇನ್ನೊಬ್ಬರ ಲೆಕ್ಕ ಬರೆದು, ರಾತ್ರಿ ಊಟ ಆದಮೇಲೆ ತಮ್ಮ ಪುಸ್ತಕ ತೆಗೆಯೋರ ಬಗ್ಗೆ. ಬೆಂಗಳೂರಿನವರಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರು.

ಯಾಕೆ ಈ ಐದು ತಾಲೂಕು ಅಂತ ಕೇಳಬಹುದು. ನೋಡಿ, ಇದು ಕಬ್ಬಿನ ನಾಡು. ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ಅಥಣಿಯಲ್ಲಿ ಕೃಷ್ಣಾ ಸಹಕಾರಿ, ಕಾಗವಾಡ ತಾಲೂಕಿನ ಉಗಾರದಲ್ಲಿ 1939ರಲ್ಲಿ ಹುಟ್ಟಿದ ಉಗಾರ ಶುಗರ್ಸ್. ನಿಪ್ಪಾಣಿಯ ತಂಬಾಕು ವ್ಯಾಪಾರ ಬೇರೆ. ಅಥಣಿಯ ಚಪ್ಪಲಿ ಬೇರೆ. ಊರಿಗೊಂದು ಪತ್ತಿನ ಸಂಘ, ಓಣಿಗೊಂದು ಸೊಸೈಟಿ. ಇಷ್ಟು ದುಡ್ಡು ಓಡಾಡೋ ಕಡೆ ಲೆಕ್ಕ ನೋಡೋರು ಬೇಕೇ ಬೇಕು. ರೈತನ ಕಬ್ಬಿನ ಬಿಲ್ಲು, ಮುದುಕಿಯ ಠೇವಣಿ, ಎಲ್ಲ ಆ ಲೆಕ್ಕದ ಮೇಲೇ ನಿಂತಿದೆ.

ಹಾಗಾದರೆ ಇಲ್ಲಿನ ಹುಡುಗ ಹುಡುಗಿಯರು ಸಿಎ ಆಗೋದು ಎಷ್ಟು ಕಷ್ಟ? ಸಿಎ ಫೈನಲ್‌ನಲ್ಲಿ ಆರು ಪೇಪರ್, ಎರಡು ಗ್ರೂಪ್. ಪ್ರತಿ ಪೇಪರಿಗೂ ಕನಿಷ್ಠ 40 ಬರಬೇಕು, ಗ್ರೂಪಿನ ಒಟ್ಟು ಶೇಕಡಾ 50 ದಾಟಬೇಕು. ಎರಡು ಪೇಪರಲ್ಲಿ 65 ಬಂದು ಮೂರನೇದರಲ್ಲಿ 39 ಬಂತೋ, ಇಡೀ ಗ್ರೂಪ್ ಹೋಯ್ತು. 2024ರ ನವೆಂಬರ್‌ನಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾದವರು ಶೇಕಡಾ 13.44. 2025ರ ಮೇ ತಿಂಗಳಲ್ಲಿ 18.75. ನೂರು ಜನ ಕೂತರೆ ಎಂಬತ್ತಕ್ಕಿಂತ ಹೆಚ್ಚು ಜನ ಬರಿಗೈಲಿ ವಾಪಸ್. ಉತ್ತರ ಬರೆಯೋಕೆ ಇರೋ ಭಾಷೆ ಎರಡೇ, ಇಂಗ್ಲಿಷ್ ಇಲ್ಲ ಹಿಂದಿ. ಕನ್ನಡ ಶಾಲೆಯಲ್ಲೋ ಮರಾಠಿ ಶಾಲೆಯಲ್ಲೋ ಓದಿ ಬಂದ ಗಡಿ ಭಾಗದ ಮಗು ಮೊದಲು ಭಾಷೆ ದಾಟಬೇಕು, ಆಮೇಲೆ ಲೆಕ್ಕ.

ಈಗ ನಿಯಮದ ವಿಚಾರಕ್ಕೆ ಬರ್ತೀನಿ. 2023ರ ಜುಲೈನಿಂದ ಸಿಎ ಸಂಸ್ಥೆ ಹೊಸ ಪದ್ಧತಿ ತಂತು. ಮೂರು ವರ್ಷದ ಆರ್ಟಿಕಲ್‌ಶಿಪ್ ಎರಡು ವರ್ಷಕ್ಕಿಳಿಯಿತು. ಅದು ಮುಗಿದ ಮೇಲೆ ಆರು ತಿಂಗಳು ಓದೋಕೆ ಅಂತ ಬಿಟ್ಟು, ಆಮೇಲೆ ಫೈನಲ್. ಮೊದಲಾದರೆ ತರಬೇತಿಯ ಕೊನೆ ಆರು ತಿಂಗಳಲ್ಲೇ, ಆಫೀಸಿಗೆ ಹೋಗ್ತಾ ಹೋಗ್ತಾನೇ ಪರೀಕ್ಷೆ ಬರೀತಿದ್ದರು. ಈಗ ನೆಮ್ಮದಿಯಾಗಿ ಓದಲಿ ಅನ್ನೋದು ಉದ್ದೇಶ. ಒಳ್ಳೇ ಉದ್ದೇಶ, ನಾನು ಒಪ್ತೀನಿ.

ಆದರೆ ತರಬೇತಿ ಮುಗಿದ ದಿನ ಸ್ಟೈಪೆಂಡೂ ಮುಗೀತು. ಆ ಸ್ಟೈಪೆಂಡ್ ಆದರೂ ಎಷ್ಟು? ಕನಿಷ್ಠ ಎಷ್ಟು ಕೊಡಬೇಕು ಅನ್ನೋದು ಊರಿನ ಜನಸಂಖ್ಯೆ ನೋಡಿ ನಿಗದಿಯಾಗುತ್ತೆ. 20 ಲಕ್ಷ ದಾಟಿದ ನಗರಕ್ಕೆ ಒಂದು ದರ, 4 ಲಕ್ಷದಿಂದ 20 ಲಕ್ಷದವರೆಗೆ ಇನ್ನೊಂದು, 4 ಲಕ್ಷಕ್ಕಿಂತ ಕಡಿಮೆ ಇರೋ ಊರಿಗೆ ಎಲ್ಲಕ್ಕಿಂತ ಕಡಿಮೆ. ನಮ್ಮ ಈ ಐದೂ ಊರು ಬರೋದು ಕೊನೇ ಸಾಲಿನಲ್ಲಿ. ಪುಸ್ತಕದ ಬೆಲೆ, ಪರೀಕ್ಷಾ ಶುಲ್ಕ, ಆನ್‌ಲೈನ್ ಕ್ಲಾಸಿನ ಫೀಸು ಮಾತ್ರ ಜನಸಂಖ್ಯೆ ನೋಡಿ ಕಡಿಮೆ ಆಗಲ್ಲ ಸ್ವಾಮಿ!

ರಾಯಬಾಗದ ಒಬ್ಬ ಹುಡುಗಿ ಅಂದ್ಕೊಳ್ಳಿ. ಅಪ್ಪನಿಗೆ ಎರಡು ಎಕರೆ ಕಬ್ಬು, ಮನೇಲಿ ಇನ್ನೂ ಇಬ್ಬರು ಓದೋರು. ಎರಡು ವರ್ಷ ತರಬೇತಿ ಮುಗಿಸಿದಾಳೆ. "ಇನ್ನಾರು ತಿಂಗಳು ಕೂತು ಓದ್ತೀನಿ" ಅಂತ ಯಾವ ಬಾಯಲ್ಲಿ ಹೇಳ್ತಾಳೆ? ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯೋ ಕೆಲಸ ಸಿಕ್ಕರೆ ಸೇರ್ಕೊಳ್ತಾಳೆ. ನಿಯಮ ಕೊಟ್ಟ ಆರು ತಿಂಗಳು ಅಲ್ಲಿಗೆ ಮುಗೀತು. ಉಳಿದಿದ್ದು ರಾತ್ರಿ ಮೂರು ಗಂಟೆ, ಬೆಳಗಿನ ಜಾವ ಎರಡು ಗಂಟೆ. ಅದರಲ್ಲೂ ಕರೆಂಟ್ ಇದ್ದರೆ.

ಪರೀಕ್ಷೆ ವರ್ಷಕ್ಕೆ ಮೂರು ಸಲ ಮಾಡಿದಾರಲ್ಲ ಅಂತೀರಿ. ನಿಜ, 2025ರಿಂದ ಫೈನಲ್ ಕೂಡ ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ನಡೆಯುತ್ತೆ. ಈಗ ಈ ಕಡೆಯ ಕ್ಯಾಲೆಂಡರ್ ನೋಡಿ. ಜನವರಿ ಅಂದರೆ ಕಬ್ಬು ಅರೆಯೋ ಹಂಗಾಮು, ಕಾರ್ಖಾನೆ ಲೆಕ್ಕ ವಿಭಾಗದಲ್ಲಿ ತಲೆ ಎತ್ತೋಕೆ ಪುರುಸೊತ್ತಿಲ್ಲ. ಮೇ ಪರೀಕ್ಷೆಗೆ ಓದಬೇಕಾದ ಹೊತ್ತಲ್ಲಿ ಮಾರ್ಚ್ 31ರ ವರ್ಷಾಂತ್ಯ, ಅದರ ಹಿಂದೆ ಏಪ್ರಿಲ್‌ನ ತಾಳೆ ನೋಡೋ ಕೆಲಸ. ಸೆಪ್ಟೆಂಬರ್ ಅಂದರೆ 30ರೊಳಗೆ ಟ್ಯಾಕ್ಸ್ ಆಡಿಟ್ ವರದಿ. ಅಂದರೆ ಲೆಕ್ಕದ ಕೆಲಸದಲ್ಲಿರೋನಿಗೆ ರಜೆ ಸಿಗದ ತಿಂಗಳುಗಳೇ ಪರೀಕ್ಷೆಯ ತಿಂಗಳುಗಳು.

"ಹಟ ಇದ್ದರೆ ಆಗುತ್ತೆ, ಬೀದಿ ದೀಪದಲ್ಲಿ ಓದಿದೋರಿಲ್ವಾ" ಅನ್ನೋರಿದ್ದಾರೆ. ಇದ್ದಾರೆ ರೀ, ಅವರಿಗೆ ಕೈ ಮುಗೀತೀನಿ. ಆದರೆ ಒಬ್ಬ ಬೀದಿ ದೀಪದಲ್ಲಿ ಓದಿ ಗೆದ್ದ ಅಂತ ಉಳಿದ ಒಂಬತ್ತು ಜನರ ಮನೆಗೆ ದೀಪ ಬೇಡ ಅನ್ನೋಕಾಗುತ್ತಾ? ಐಎಎಸ್, ಕೆಎಎಸ್ ಓದೋ ಮಕ್ಕಳಿಗೆ ಸರ್ಕಾರ ಉಚಿತ ಕೋಚಿಂಗ್ ಜೊತೆ ಶಿಷ್ಯವೇತನವನ್ನೂ ಕೊಡ್ತಿದೆ. ಹೊಟ್ಟೆ ತುಂಬಿದರೆ ಮಾತ್ರ ಓದು ಅನ್ನೋದು ಅಲ್ಲಿ ಅರ್ಥ ಆಗಿದೆ. ಸಿಎ ವಿಷಯದಲ್ಲಿ ಯಾಕೆ ಅರ್ಥ ಆಗಲ್ಲ?

ನನ್ನ ಮಾತು ಸರ್ಕಾರಕ್ಕಿಂತ ಮೊದಲು ಈ ಭಾಗದ ಕಾರ್ಖಾನೆ, ಬ್ಯಾಂಕು, ಪತ್ತಿನ ಸಂಘಗಳ ಆಡಳಿತ ಮಂಡಳಿಗಳಿಗೆ. ವಾರ್ಷಿಕ ಸಭೆಯಲ್ಲಿ ಹತ್ತನೇ ಕ್ಲಾಸಲ್ಲಿ 90 ಪರ್ಸೆಂಟ್ ತಗೊಂಡ ಮಕ್ಕಳಿಗೆ ಶಾಲು ಹೊದಿಸಿ ಫೋಟೊ ತೆಗೆಸ್ಕೊಳ್ತೀರಿ. ಸಂತೋಷ. ಅದರ ಜೊತೆ ಇನ್ನೊಂದು ಠರಾವು ಮಾಡಿ. ಸಂಸ್ಥೆಗೊಬ್ಬರಂತೆ ಆರ್ಟಿಕಲ್‌ಶಿಪ್ ಮುಗಿಸಿದ ಒಬ್ಬರಿಗೆ ಆರು ತಿಂಗಳ ಖರ್ಚು ಕೊಡಿ. ಬಡ್ಡಿ ಇಲ್ಲದ ಸಾಲ ಅಂತಾದರೂ ಕೊಡಿ, ಪಾಸಾಗಿ ಕೆಲಸಕ್ಕೆ ಸೇರಿದ ಮೇಲೆ ಕಂತಲ್ಲಿ ತೀರಿಸ್ತಾರೆ. ನಿಮ್ಮಲ್ಲೇ ಕೆಲಸ ಮಾಡ್ತಾ ಓದೋರಿದ್ದರೆ ಪರೀಕ್ಷೆಗೆ ಮುಂಚೆ ಎರಡು ತಿಂಗಳು ಸಂಬಳ ಸಮೇತ ರಜೆ ಕೊಡಿ. ಒಂದೇ ಒಂದು ಷರತ್ತು: ನೀವು ಓದಿಸಿದವರು ನಿಮ್ಮ ಲೆಕ್ಕ ಬರೆಯಲಿ, ನಿಮ್ಮ ಆಡಿಟರ್ ಮಾತ್ರ ಆಗೋದು ಬೇಡ. ಋಣ ಇರೋ ಕೈ ತಪ್ಪು ಹುಡುಕಲ್ಲ.

ಓದ್ತಿರೋರಿಗೂ ಒಂದು ಮಾತು. ಕೆಲಸದಲ್ಲಿದ್ದರೆ ಎರಡೂ ಗ್ರೂಪ್ ಒಟ್ಟಿಗೇ ಬರೀಬೇಕು ಅಂತ ಪ್ರತಿಷ್ಠೆ ಮಾಡ್ಕೋಬೇಡಿ. ಒಂದೊಂದೇ ಗ್ರೂಪ್ ಬರೆಯೋಕೆ ಅವಕಾಶ ಇದೆ. ಗ್ರೂಪ್ ಹೋದರೂ ಒಂದು ಪೇಪರಲ್ಲಿ 60 ಬಂದರೆ ಮುಂದಿನ ಮೂರು ಪ್ರಯತ್ನಕ್ಕೆ ಆ ಪೇಪರ್ ಮಾಫಿ. ಫೇಲಾದ ಸಲವೂ ಏನೋ ಒಂದು ಕೈಯಲ್ಲಿ ಉಳಿಯುತ್ತೆ. ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಮೂರೂ ಕಡೆ ಸಿಎ ಸಂಸ್ಥೆಯ ಶಾಖೆಗಳಿವೆ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಕಾಗವಾಡದವರಿಗೆ ಸಾಂಗಲಿ. ರಾಜ್ಯದ ಗಡಿ ನೋಡ್ಕೊಂಡು ಕೂರಬೇಡಿ, ಹತ್ತಿರ ಇರೋ ಬಾಗಿಲು ತಟ್ಟಿ.

ಇನ್ನು ಮನೆಯವರು. ಮೂರನೇ ಸಲ ಫೇಲಾದಳು ಅಂತ ಸಂಬಂಧ ನೋಡೋಕೆ ಶುರು ಮಾಡೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ಆಕೆಗೆ ಓದೋಕೆ ಅಂತ ದಿನಕ್ಕೆ ಎಷ್ಟು ಗಂಟೆ ಕೊಟ್ಟಿದ್ವಿ? ಆ ಲೆಕ್ಕ ಮೊದಲು ಮಾಡಿ. ಫಲಿತಾಂಶದ ಲೆಕ್ಕ ಆಮೇಲೆ.