ಬೀರುವಿನ ಕೀ ಯಾರ ಹತ್ರ ಇದೆ?

ಆಗಸ್ಟ್ 12, ರಾಷ್ಟ್ರೀಯ ಗ್ರಂಥಪಾಲಕರ ದಿನ. ಎಸ್.ಆರ್. ರಂಗನಾಥನ್ ಅವರ ನೆನಪಿಗೆ ಈ ದಿನ. ಫೋಟೋಗೊಂದು ಹಾರ, ಎರಡು ಭಾಷಣ, ಒಂದು ಕಾಫಿ. ಅಲ್ಲಿಗೆ ಮುಗೀತು. ಆದ್ರೆ ನಾನು ನಿಮ್ಮನ್ನ ಒಂದೇ ಪ್ರಶ್ನೆ ಕೇಳ್ತೀನಿ. ನಿಮ್ಮ ಮಗು ಓದೋ ಶಾಲೆಯಲ್ಲಿ ಲೈಬ್ರರಿಯನ್ ಇದ್ದಾರಾ?

'ಲೈಬ್ರರಿ ಇದೆ ಸಾರ್' ಅಂತೀರಿ. ನಾನು ಕೇಳಿದ್ದು ಕೋಣೆಯನ್ನಲ್ಲ, ಮನುಷ್ಯರನ್ನ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕಗಳು ಇರಬೇಕು ಅಂತ ಇದೆ. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು ಅನ್ನೋ ಲೆಕ್ಕವೂ ಇದೆ. ಗ್ರಂಥಪಾಲಕ ಅನ್ನೋ ಹುದ್ದೆ ಮಾತ್ರ ಎಲ್ಲೂ ಇಲ್ಲ! ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಲೈಬ್ರರಿ ಅನುದಾನ ಕೊಡ್ತಾರೆ. ಪುಸ್ತಕ ಬರುತ್ತೆ. ಅದನ್ನ ಮಗುವಿನ ಕೈಗೆ ಇಡೋರು ಯಾರು?

ಆಗೋದೇನು? ಯಾರೋ ಒಬ್ಬ ಮೇಷ್ಟ್ರಿಗೆ ಲೈಬ್ರರಿ 'ಚಾರ್ಜ್' ಕೊಡ್ತಾರೆ. ಅವರ ತಲೆ ಮೇಲೆ ಆಗಲೇ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣಾ ಡ್ಯೂಟಿ ಇರುತ್ತೆ. ಒಂದು ಪುಸ್ತಕ ಕಳೆದರೆ ಸ್ಟಾಕ್ ರಿಜಿಸ್ಟರ್ ಮುಂದಿಟ್ಟುಕೊಂಡು ಉತ್ತರ ಕೊಡಬೇಕಾದವರೂ ಅವರೇ. ಹಾಗಾಗಿ ಅವರು ಬೀರುವಿಗೆ ಬೀಗ ಹಾಕ್ತಾರೆ. ತಪ್ಪು ಅವರದ್ದಲ್ಲ. ಪುಸ್ತಕ ಓದಿಸಿದ್ದಕ್ಕೆ ಅವರನ್ನ ಯಾರೂ ಕೇಳಲ್ಲ, ಕಳೆದಿದ್ದಕ್ಕೆ ಎಲ್ಲರೂ ಕೇಳ್ತಾರೆ.

ತಮಾಷೆ ನೋಡಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷಕ್ಕೆ ಓದೋಕೆ ಕೊಟ್ಟ ಪ್ರತಿ 1,000 ಪುಸ್ತಕಗಳಲ್ಲಿ 5 ಕಳೆದರೆ ಅದು ಸಹಜ ನಷ್ಟ. ಮೋಸ, ನಿರ್ಲಕ್ಷ್ಯ ಇರಬಾರದು, ಅಷ್ಟೇ. ಅಪರೂಪದ ಪುಸ್ತಕ, 1,000 ರೂಪಾಯಿ ಮೀರಿದ ಪುಸ್ತಕ ಆದರೆ ಮಾತ್ರ ವಿಚಾರಣೆ. ದಿಲ್ಲಿಯ ಕಡತಕ್ಕೇ ಇಷ್ಟು ಉದಾರತೆ ಇರುವಾಗ ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಒಂದು ಕಥೆ ಪುಸ್ತಕಕ್ಕೆ ಯಾಕೆ ಹೆದರಬೇಕು?

ಯುರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನ ಕಬ್ಬಿಣದ ಸರಪಳಿಯಲ್ಲಿ ಕಟ್ಟಿಡ್ತಿದ್ದರು. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಅದರ ತಿರುಳು ಇಷ್ಟೇ: ಪುಸ್ತಕ ಇರೋದು ಕಾಪಾಡೋಕಲ್ಲ, ಬಳಸೋಕೆ. ಆ ಮಹಾನುಭಾವರು ಕೊನೆಯ ವರ್ಷಗಳನ್ನ ಕಳೆದಿದ್ದು ನಮ್ಮ ಬೆಂಗಳೂರಲ್ಲಿ. 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದ್ದು ಇಲ್ಲೇ. 1972ರಲ್ಲಿ ತೀರಿಕೊಂಡಿದ್ದೂ ಇಲ್ಲೇ. ಅದೇ ನಾಡಿನ ಶಾಲೆಗಳಲ್ಲಿ ಇವತ್ತು ಸರಪಳಿ ಇಲ್ಲ, ಬೀರುವಿನ ಬೀಗ ಇದೆ.

ಲೈಬ್ರರಿಯನ್ ಅಂದ್ರೆ ಪುಸ್ತಕಕ್ಕೆ ಸೀಲ್ ಹೊಡೆಯೋರು ಅಂದ್ಕೊಂಡಿದ್ದೀವಿ. ಅಲ್ಲ ಸ್ವಾಮಿ. ಶಾಲೆಯ ಹಿಂದಿನ ಪೊದೆಯಲ್ಲಿ ಹುಳ ಹಿಡಿಯುತ್ತಾ ಕ್ಲಾಸಿಗೆ ಚಕ್ಕರ್ ಹೊಡೆಯೋ ಹುಡುಗ ಇರ್ತಾನೆ. ಮೇಷ್ಟ್ರಿಗೆ ಅವನು ದಂಡಪಿಂಡ. ಒಳ್ಳೆ ಲೈಬ್ರರಿಯನ್ ಕಣ್ಣಿಗೆ ಬಿದ್ದರೆ ಅವನ ಕೈಗೆ ತೇಜಸ್ವಿಯವರ 'ಕರ್ವಾಲೊ' ಬರುತ್ತೆ. ಪ್ರಶ್ನೆ ಮೇಲೆ ಪ್ರಶ್ನೆ ಕೇಳೋ ಹುಡುಗಿಗೆ ಕಾರಂತರ 'ಬಾಲಪ್ರಪಂಚ' ಸಿಗುತ್ತೆ. ಐದನೇ ಕ್ಲಾಸಿಗೆ ಬಂದರೂ ತಡವರಿಸಿ ಓದೋ ಮಗುವಿಗೆ, ಪುಟಕ್ಕೆರಡೇ ಸಾಲಿರೋ ಚಿತ್ರಪುಸ್ತಕವನ್ನ ಯಾರಿಗೂ ಕಾಣದ ಹಾಗೆ ಕೊಡ್ತಾರೆ. ಆ ಮಗುವಿಗೆ ಅವಮಾನ ಆಗಲ್ಲ. ಶಾಲೆಯಲ್ಲಿ ಮಾರ್ಕ್ಸ್ ಕೇಳದೆ ಮಗುವಿನ ಜೊತೆ ಮಾತಾಡೋ ದೊಡ್ಡವರು ಬಹುಶಃ ಅವರೊಬ್ಬರೇ.

ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದೆಲ್ಲ ನಿಜ ಅಂತ ನಂಬೋ ಕಾಲ ಇದು. ಬರೆದವರು ಯಾರು, ಬೇರೆ ಎಲ್ಲಾದರೂ ಇದು ಇದೆಯಾ ಅಂತ ಹುಡುಕೋದನ್ನ ಮಕ್ಕಳಿಗೆ ಕಲಿಸೋರೂ ಇವರೇ ಆಗಬೇಕು.

ದುಡ್ಡಿಲ್ಲ ಅಂತಾರೆ. ಸರಿ. ಆದ್ರೆ ಇದೇ ರಾಜ್ಯದ ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿ ಗ್ರಂಥಪಾಲಕರ ಹುದ್ದೆ ಇದೆ, ಪರೀಕ್ಷೆ ಮಾಡಿ ತಗೋತಾರೆ. ಪಕ್ಕದ ರಸ್ತೆಯ ಸರ್ಕಾರಿ ಕನ್ನಡ ಶಾಲೆಯ ಮಗು ಏನು ಪಾಪ ಮಾಡಿದೆ? ಇತ್ತ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನ ಓದಿದ ಹುಡುಗ ಹುಡುಗಿಯರು ಕೆಲಸ ಹುಡುಕ್ತಿದ್ದಾರೆ.

ನಮಗೆ ಮಾಡೋಕೆ ಬರಲ್ಲ ಅಂತಲ್ಲ. 2020ರ ನವೆಂಬರ್‌ನಲ್ಲಿ, ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, 'ಓದುವ ಬೆಳಕು' ಅಂತ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಅಲ್ಲಿ ಬಾಗಿಲು ತೆಗೆಯೋಕೆ ಒಬ್ಬ ಮೇಲ್ವಿಚಾರಕರು ಇದ್ದರು. ಅದಕ್ಕೇ ಅದು ಸಾಧ್ಯ ಆಯ್ತು.

ಪ್ರತಿ ಶಾಲೆಗೂ ನಾಳೆಯೇ ಬೇಡ. ಮೊದಲು ಪ್ರತಿ ಕ್ಲಸ್ಟರ್‌ಗೆ ಒಬ್ಬರನ್ನ ಕೊಡಿ, ವಾರಕ್ಕೊಂದು ದಿನ ಒಂದೊಂದು ಶಾಲೆಗೆ ಹೋಗಲಿ. ಸಹಜವಾಗಿ ಕಳೆಯೋ, ಹರಿಯೋ ಪುಸ್ತಕಕ್ಕೆ ಮೇಷ್ಟ್ರನ್ನ ಹೊಣೆ ಮಾಡಲ್ಲ ಅಂತ ಒಂದು ಆದೇಶ ಹೊರಡಿಸಿ. ವೇಳಾಪಟ್ಟಿಯಲ್ಲಿರೋ ಲೈಬ್ರರಿ ಪೀರಿಯಡ್ಡನ್ನ ಗಣಿತದ ಪೋರ್ಷನ್ ಮುಗಿಸೋಕೆ ಬಳಸೋದನ್ನ ನಿಲ್ಲಿಸಿ.

ಇನ್ನು ಪೋಷಕರೇ, ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಎಷ್ಟು ಪುಸ್ತಕ ಇದೆ ಅಂತ ಕೇಳಬೇಡಿ. ಕಳೆದ ತಿಂಗಳು ಎಷ್ಟು ಪುಸ್ತಕ ಮಕ್ಕಳ ಮನೆಗೆ ಹೋದವು ಅಂತ ಕೇಳಿ. ಹರಿದ ಪುಸ್ತಕ ಒಂದಾದ್ರೂ ಇದೆಯಾ ಅಂತ ಕೇಳಿ. ಇದ್ದರೆ ಸಂತೋಷಪಡಿ, ಯಾರೋ ಓದಿದ್ದಾರೆ.

ಯೋಚನೆ ಮಾಡಿ.